ಮಂಗನ ಕಾಯಿಲೆ: ಕರುಳಿನ ಕಡೆಗೂ ಕಣ್ಣಿರಲಿ

ಮಂಗನ ಕಾಯಿಲೆ ಎಂದ ಕೂಡಲೇ ನೆನಪಿಗೆ ಬರುವುದು ಸುಡುವ ಜ್ವರ, ಮೂಗಿನಿಂದ ಇಳಿಯುವ ರಕ್ತ, ಕಾಡಂಚಿನಲ್ಲಿ ಸತ್ತು ಬಿದ್ದ ಮಂಗ. ಪ್ರತಿ ವರ್ಷ ಬೇಸಿಗೆ ಹತ್ತಿರವಾದಂತೆ ಪತ್ರಿಕೆಗಳಲ್ಲಿ ಬರುವ ಸುದ್ದಿಯೂ ಇದರ ಆಚೆಗೆ ಹೋಗುವುದಿಲ್ಲ. ಆದರೆ ಈ ವೈರಸ್ಸನ್ನು ಪ್ರಯೋಗಾಲಯದ ಮಂಗಗಳಲ್ಲಿ ಅಭ್ಯಾಸ ಮಾಡಿದವರು ಇನ್ನೊಂದು ಅಂಗದ ಕಡೆಗೂ ಬೊಟ್ಟು ಮಾಡುತ್ತ ಬಂದಿದ್ದಾರೆ. ಅದು ಕರುಳು. ಸೋಂಕು ತಗುಲಿದ ಮಂಗಕ್ಕೆ ಭೇದಿಯಾಗುತ್ತದೆ, ಅದು ಊಟ ಬಿಡುತ್ತದೆ, ಮೈಯ ನೀರಿನಂಶ ಕಳೆದುಕೊಂಡು ಕುಸಿಯುತ್ತದೆ. ಸತ್ತ ಮೇಲೆ ನೋಡಿದರೆ ಸಣ್ಣ ಕರುಳು, ದೊಡ್ಡ ಕರುಳುಗಳಲ್ಲಿ ಹಾನಿ ಕಾಣುತ್ತದೆ. ಈ ತಿಳಿವಳಿಕೆ ಸಂಶೋಧನಾ ಪ್ರಬಂಧಗಳಲ್ಲಿ ಇದೆ. ಜ್ವರ ಬಂದು ಆಸ್ಪತ್ರೆಯ ಹೊರರೋಗಿ ವಿಭಾಗದ ಬೆಂಚಿನ ಮೇಲೆ ಕುಳಿತವರ ತನಕ ಅದು ಎಷ್ಟು ತಲುಪಿದೆ ಎಂಬುದೇ ಈ ಲೇಖನದ ಕಾಳಜಿ.

ಹುಬ್ಬಳ್ಳಿ-ಧಾರವಾಡದಲ್ಲಿ ಕುಳಿತು ಇದನ್ನು ಕೇಳುವುದಕ್ಕೆ ಕಾರಣವಿದೆ. ಅವಳಿ ನಗರ ಬಯಲುಸೀಮೆ ಮತ್ತು ಮಲೆನಾಡು ಕೂಡುವ ಜಾಗದಲ್ಲಿದೆ. ಕಲಘಟಗಿ, ಅಳ್ನಾವರ ದಾಟಿದರೆ ಕಾಡಿನ ಸೆರಗು ಶುರುವಾಗುತ್ತದೆ. ಹಳಿಯಾಳ, ದಾಂಡೇಲಿ, ಯಲ್ಲಾಪುರ, ಶಿರಸಿ, ಸಿದ್ದಾಪುರದ ಜನ ದೊಡ್ಡ ಆಸ್ಪತ್ರೆಗೆಂದು ಬರುವುದು ಬಹುಮಟ್ಟಿಗೆ ಹುಬ್ಬಳ್ಳಿಗೆ. ಕಾಯಿಲೆ ಕ್ಯಾಸನೂರಿನಲ್ಲಿ ಬೆಳಕಿಗೆ ಬಂದ 1957ರಲ್ಲೇ ಹುಬ್ಬಳ್ಳಿಯ ಕರ್ನಾಟಕ ವೈದ್ಯಕೀಯ ಕಾಲೇಜು ಆರಂಭವಾಯಿತು. ಎರಡಕ್ಕೂ ಒಂದೇ ವಯಸ್ಸು. ಕಾಯಿಲೆಯಾದರೋ ಅಂದಿನಿಂದ ಇಂದಿನವರೆಗೆ ತನ್ನ ಸೀಮೆಯನ್ನು ವಿಸ್ತರಿಸುತ್ತಲೇ ಬಂದಿದೆ.

ಕ್ಯಾಸನೂರಿನಲ್ಲಿ ಕಂಡದ್ದು

ಆಗಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರ ಮೊದಲ ತಿಂಗಳುಗಳಲ್ಲಿ ಮಂಗಗಳು ಸಾಲುಸಾಲಾಗಿ ಸಾಯತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಸೌದೆಗೆ, ಸೊಪ್ಪಿಗೆ, ದನ ಮೇಯಿಸಲು ಕಾಡಿಗೆ ಹೋಗುತ್ತಿದ್ದ ಜನರೂ ಜ್ವರದಿಂದ ಮಲಗಿದರು. ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರ ಶುರುವಾಗಿ ಆಗ ಐದು ವರ್ಷವಾಗಿತ್ತು. ರಾಕ್‌ಫೆಲ್ಲರ್ ಪ್ರತಿಷ್ಠಾನ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ಕಟ್ಟಿದ ಆ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಅಲ್ಲಿಂದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಧಾವಿಸಿದರು. ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುವುದನ್ನು ಕಂಡು ಅವರಿಗೆ ಮೊದಲು ಹೊಳೆದದ್ದು ಹಳದಿ ಜ್ವರ. ಆಫ್ರಿಕ ಮತ್ತು ದಕ್ಷಿಣ ಅಮೆರಿಕದ ಆ ಪಿಡುಗು ಏಷ್ಯಕ್ಕೆ ಎಂದೂ ಕಾಲಿಟ್ಟಿರಲಿಲ್ಲ. ಸತ್ತ ಮಂಗದಿಂದ ಬೇರ್ಪಡಿಸಿದ ವೈರಸ್ ಬೇರೆಯೇ ಆಗಿತ್ತು. ರಷ್ಯದ ಕಾಡುಗಳಲ್ಲಿ ಉಣ್ಣೆಗಳಿಂದ ಹರಡುವ ಮಿದುಳು ಜ್ವರದ ವೈರಸ್ಸಿಗೆ ಅದು ನೆಂಟನಾಗಿತ್ತು. ವಲಸೆ ಹಕ್ಕಿಗಳು ಉತ್ತರದಿಂದ ಉಣ್ಣೆಗಳನ್ನು ಹೊತ್ತು ತಂದಿರಬಹುದೇ ಎಂಬ ಅನುಮಾನ ಹುಟ್ಟಿ, ಪಕ್ಷಿತಜ್ಞ ಸಲೀಂ ಅಲಿಯವರ ಮುಂದಾಳತ್ವದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಅಧ್ಯಯನವೂ ನಡೆಯಿತು.

ಕಾಯಿಲೆಯ ವಾಹಕ ಹೀಮಾಫಿಸಾಲಿಸ್ ಸ್ಪಿನಿಜೆರಾ ಎಂಬ ಉಣ್ಣೆ. ಮಲೆನಾಡಿಗರು ಉಣುಗು ಎನ್ನುವ ಜೀವಿ. ಮಳೆ ನಿಂತ ಮೇಲೆ ಕಾಡಿನ ನೆಲದಲ್ಲಿ ಮರಿಗಳು ಹೆಚ್ಚುತ್ತವೆ. ನವೆಂಬರಿನಿಂದ ಮೇ ವರೆಗೆ, ಅದರಲ್ಲೂ ಜನವರಿಯಿಂದ ಮಾರ್ಚ್ ತನಕ, ಎಳೆಯ ಉಣ್ಣೆಗಳು ಮನುಷ್ಯರನ್ನು ಕಚ್ಚುತ್ತವೆ. ಮಂಗ ಕಾಯಿಲೆಯ ಮೂಲವಲ್ಲ, ಅದರ ಮೊದಲ ಬಲಿ. ಆದರೆ ಸೋಂಕು ತಗುಲಿದ ಮಂಗದ ರಕ್ತದಲ್ಲಿ ವೈರಸ್ ಅಪಾರವಾಗಿ ಹೆಚ್ಚುವುದರಿಂದ ಅದರ ಮೈ ಮೇಲಿನ ಉಣ್ಣೆಗಳೆಲ್ಲ ಸೋಂಕು ಹೊರುತ್ತವೆ. ಮಂಗ ಸತ್ತಾಗ ಅವು ಕೆಳಗುದುರಿ ಅಲ್ಲೇ ಸುತ್ತಮುತ್ತ ಹರಡುತ್ತವೆ. 1964ರಿಂದ 1973ರ ನಡುವೆ ವಿಜ್ಞಾನಿಗಳು ದಾಖಲಿಸಿದ 1,046 ಮಂಗಗಳ ಸಾವಿನಲ್ಲಿ 860 ಕಪ್ಪು ಮೂತಿಯ ಮುಸುವಗಳು, 186 ಕೆಂಪು ಮೂತಿಯ ಕೋತಿಗಳು, ಅಂದರೆ ಬಾನೆಟ್ ಮಕಾಕ್‌ಗಳು.

ಕಾಡಿನ ಹೆಣ ಹೇಳದ ಸಂಗತಿ

ಇಷ್ಟೊಂದು ಮಂಗಗಳು ಸತ್ತರೂ ಅವುಗಳ ಹೊಟ್ಟೆಯೊಳಗೆ ಏನಾಯಿತು ಎಂಬುದು ಕಾಡಿನಲ್ಲಿ ಸರಿಯಾಗಿ ತಿಳಿಯಲಿಲ್ಲ. ಅದಕ್ಕೆ ಸರಳ ಕಾರಣವಿದೆ. ಸತ್ತ ದೇಹದಲ್ಲಿ ಬೇಗನೆ ಕೆಡುವ ಭಾಗಗಳಲ್ಲಿ ಕರುಳಿನ ಒಳಪೊರೆ ಒಂದು. ಅಲ್ಲಿ ಜೀರ್ಣರಸಗಳಿವೆ, ಕೋಟ್ಯಂತರ ಬ್ಯಾಕ್ಟೀರಿಯಾಗಳಿವೆ. ಉಸಿರು ನಿಂತ ಕೆಲವೇ ಗಂಟೆಗಳಲ್ಲಿ ಆ ಪೊರೆ ತನ್ನಿಂದ ತಾನೇ ಕರಗತೊಡಗುತ್ತದೆ. ಮಾರ್ಚ್ ತಿಂಗಳ ಬಿಸಿಲಿನಲ್ಲಿ, ಮರದ ಬುಡದಲ್ಲಿ ಬಿದ್ದ ಮಂಗ ಯಾರದೋ ಕಣ್ಣಿಗೆ ಬೀಳುವಷ್ಟರಲ್ಲಿ ಒಂದೆರಡು ದಿನ ಕಳೆದಿರುತ್ತದೆ. ಸುದ್ದಿ ಅರಣ್ಯ ಇಲಾಖೆಗೆ ಹೋಗಿ, ಪಶುವೈದ್ಯರು ಮೈತುಂಬ ರಕ್ಷಣಾ ಉಡುಪು ತೊಟ್ಟು ಬಂದು, ಪರೀಕ್ಷೆಗೆ ಬೇಕಾದ ಮಾದರಿ ತೆಗೆದು, ಹೆಣವನ್ನು ಅಲ್ಲಿಯೇ ಸುಟ್ಟು, ಸುತ್ತ ಕೀಟನಾಶಕದ ಪುಡಿ ಎರಚುತ್ತಾರೆ. ಆ ಮಾದರಿಯಲ್ಲಿ ವೈರಸ್ ಇದೆಯೋ ಇಲ್ಲವೋ ಎಂದು ಹೇಳಬಹುದು. ಕರುಳಿನ ಪೊರೆಯನ್ನು ರೋಗ ಹಾಳು ಮಾಡಿತೋ ಸಾವಿನ ನಂತರದ ಕೊಳೆತ ಹಾಳು ಮಾಡಿತೋ ಎಂದು ಸೂಕ್ಷ್ಮದರ್ಶಕದಡಿ ಬೇರ್ಪಡಿಸುವುದು ಆಗದ ಮಾತು.

ಮನುಷ್ಯರ ವಿಷಯದಲ್ಲೂ ಸಾಕ್ಷ್ಯ ಕಡಿಮೆ. 1959ರಲ್ಲಿ ಐಯರ್ ಮತ್ತು ಸಂಗಡಿಗರು ಈ ಕಾಯಿಲೆಯಿಂದ ತೀರಿಕೊಂಡ ಮೂವರ ಮರಣೋತ್ತರ ಪರೀಕ್ಷೆಯ ವಿವರ ಪ್ರಕಟಿಸಿದರು. ಮರುವರ್ಷ ಸತ್ತ ಮುಸುವ ಮತ್ತು ಕೋತಿಗಳ ಅಂಗಾಂಶಗಳ ವಿವರವೂ ಬಂತು. ಹೆಣ ಕೊಯ್ಯಲು ಮನೆಯವರು ಒಪ್ಪುವುದು ಕಷ್ಟ. ಸೋಂಕಿನ ಭಯದಿಂದ ಕೊಯ್ಯುವವರಿಗೂ ಕಷ್ಟ. ಹೀಗಾಗಿ ಕರುಳಿನ ಪ್ರಶ್ನೆ ಪ್ರಯೋಗಾಲಯದ ಬೋನಿನೊಳಗಿನ ಮಂಗಗಳ ಪಾಲಿಗೆ ಬಂತು.

ಬೋನಿನೊಳಗಿನ ಸಾಕ್ಷ್ಯ

ಮೊದಲ ಹಂತದ ಕೆಲಸ ಪುಣೆಯದು. 1962ರಲ್ಲಿ ವೆಬ್ ಮತ್ತು ಚಟರ್ಜಿ ಸೋಂಕಿತ ಮಂಗಗಳ ರಕ್ತ ಮತ್ತು ಮಜ್ಜೆಯನ್ನು ಅಭ್ಯಾಸ ಮಾಡಿದರು. 1966ರಲ್ಲಿ ವೆಬ್ ಮತ್ತು ಬರ್ಸ್ಟನ್ ಬಾನೆಟ್ ಮಂಗಗಳ ನರಮಂಡಲದ ಮೇಲೆ ಗಮನವಿಟ್ಟರು. ರಷ್ಯದ ನೆಂಟ ವೈರಸ್ ಮಿದುಳನ್ನು ಹಿಡಿಯುವುದರಿಂದ ಇಲ್ಲಿಯೂ ಮಿದುಳಿನಲ್ಲೇ ಉತ್ತರ ಸಿಗಬೇಕೆಂಬ ನಿರೀಕ್ಷೆ ಸಹಜವಾಗಿತ್ತು.

1992ರಲ್ಲಿ ಅಮೆರಿಕದ ಕೆನ್ಯನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಚಿತ್ರವನ್ನು ಬದಲಿಸಿತು. ಅವರು ಬಾನೆಟ್ ಮಂಗಗಳಿಗೆ ಈ ಗುಂಪಿನ ವೈರಸ್‌ಗಳನ್ನು ಕೊಟ್ಟು ಹೋಲಿಸಿ ನೋಡಿದರು. ಕ್ಯಾಸನೂರು ವೈರಸ್ ತಗುಲಿದ ಮಂಗಗಳಲ್ಲಿ ಎದ್ದು ಕಂಡ ಹಾನಿ ಕರುಳಿನಲ್ಲಿತ್ತು, ಗುಲ್ಮ ಮತ್ತು ದುಗ್ಧಗ್ರಂಥಿಗಳಲ್ಲಿತ್ತು. ನಮ್ಮ ಕಾಡಿನ ಮಂಗ, ನಮ್ಮ ಕಾಡಿನ ವೈರಸ್, ಪೆಟ್ಟು ಬಿದ್ದದ್ದು ಹೊಟ್ಟೆಗೆ.

ಮೂರನೆಯ ಹಂತ 2021ರದು. ಅಮೆರಿಕದ ಮೊಂಟಾನಾ ರಾಜ್ಯದ ಹ್ಯಾಮಿಲ್ಟನ್‌ನಲ್ಲಿರುವ ರಾಕಿ ಮೌಂಟನ್ ಪ್ರಯೋಗಾಲಯದ ವಿಜ್ಞಾನಿಗಳು ಆಗ್ನೇಯ ಏಷ್ಯದ ಹಂದಿಬಾಲದ ಮಂಗಗಳಲ್ಲಿ ಕ್ಯಾಸನೂರು ವೈರಸ್ಸನ್ನೂ ಅದರ ಅರೇಬಿಯದ ಸೋದರ ಅಲ್‌ಖುರ್ಮಾ ವೈರಸ್ಸನ್ನೂ ಅಭ್ಯಾಸ ಮಾಡಿದರು. ಎರಡರಿಂದ ನಾಲ್ಕು ದಿನದೊಳಗೆ ರಕ್ತದಲ್ಲಿ ವೈರಸ್ ಉಚ್ಛ್ರಾಯಕ್ಕೇರಿತು. ಲಿಂಫೋಸೈಟ್‌ಗಳೂ ಪ್ಲೇಟ್‌ಲೆಟ್‌ಗಳೂ ಕುಸಿದವು, ಯಕೃತ್ತಿನ ಕಿಣ್ವಗಳು ಏರಿದವು. ಮಂಗಗಳ ಮೋರೆ ಕೆಂಪೇರಿತು, ಕೂದಲು ನಿಮಿರಿತು, ಆಹಾರ ಸೇರಲಿಲ್ಲ, ನಿರ್ಜಲತೆ ಕಂಡಿತು, ಮೂಗಿನಿಂದ ರಕ್ತ ಬಂತು. ಅಂಗಾಂಶಗಳನ್ನು ಪರೀಕ್ಷಿಸಿದಾಗ ವೈರಸ್ ಸಾಮಾನ್ಯವಾಗಿ ಸಿಕ್ಕಿದ ಜಾಗಗಳಲ್ಲಿ ಜೀರ್ಣಾಂಗವ್ಯೂಹ ಮುಖ್ಯವಾಗಿತ್ತು. ರೋಗಿಗಳಲ್ಲಿ ಕಾಣುವ ವಾಂತಿ, ಭೇದಿ, ಕರುಳಿನ ರಕ್ತಸ್ರಾವಕ್ಕೆ ಇದು ಹೊಂದುತ್ತದೆ ಎಂದು ಅವರು ಗುರುತಿಸಿದರು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕರುಳಿನಲ್ಲಿ ವೈರಸ್ ಸಿಕ್ಕಿತೆಂದ ಮಾತ್ರಕ್ಕೆ ಕರುಳಿನ ಎಲ್ಲ ತೊಂದರೆಗೂ ಅದೇ ನೇರ ಕಾರಣ ಎನ್ನುವಂತಿಲ್ಲ. ಅದೇ ಅಧ್ಯಯನದಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳ ಜೀನುಗಳು ಕ್ಯಾಸನೂರು ವೈರಸ್ಸಿನ ಸೋಂಕಿನಲ್ಲಿ ಮಂಕಾದವು, ಅಲ್‌ಖುರ್ಮಾದಲ್ಲಿ ಹಾಗಾಗಲಿಲ್ಲ. ಪ್ಲೇಟ್‌ಲೆಟ್ ಕುಸಿದು ಹೆಪ್ಪುಗಟ್ಟುವಿಕೆಯೂ ತಪ್ಪಿದರೆ ಕರುಳಿನಲ್ಲಿ ರಕ್ತ ಜಿನುಗುವುದು ಸಹಜ. ಒಳಪೊರೆಯ ಹಾನಿ, ರಕ್ತದ ಏರುಪೇರು ಎರಡೂ ಕೂಡಿ ಕೆಲಸ ಮಾಡುತ್ತಿರುವುದು ಹೆಚ್ಚು ಸಂಭವ.

ಎಸ್‌ಐವಿ ಕಲಿಸಿದ ಪಾಠ

ವೈರಸ್ ತಗುಲಿದ ಮಂಗಗಳ ಕರುಳನ್ನು ಜಗತ್ತಿನಲ್ಲಿ ಅತಿ ಆಳವಾಗಿ ಅಭ್ಯಾಸ ಮಾಡಿದವರು ಏಡ್ಸ್ ಸಂಶೋಧಕರು. ಮಂಗಗಳಲ್ಲಿ ಏಡ್ಸ್ ತರುವ ಎಸ್‌ಐವಿ ವೈರಸ್ 1985ರಲ್ಲಿ ಪತ್ತೆಯಾಯಿತು. ಸೋಂಕಿತ ರೀಸಸ್ ಮಂಗಗಳು ಸೊರಗಿ, ಭೇದಿಯಿಂದ ನರಳುತ್ತಿದ್ದುದನ್ನು ಎಲ್ಲರೂ ನೋಡಿದ್ದರು. ಅದು ರೋಗದ ಕೊನೆಯ ಹಂತದ ತೊಂದರೆ ಎಂದುಕೊಂಡಿದ್ದರು. 1998ರಲ್ಲಿ ವೀಝಿ ಮತ್ತು ಸಂಗಡಿಗರು ಈ ತಿಳಿವಳಿಕೆಯನ್ನು ತಲೆಕೆಳಗು ಮಾಡಿದರು. ಸೋಂಕು ತಗುಲಿದ ಕೆಲವೇ ವಾರಗಳಲ್ಲಿ, ರಕ್ತದ ಪರೀಕ್ಷೆಯಲ್ಲಿ ಅಷ್ಟಾಗಿ ಏನೂ ಕಾಣದಿರುವಾಗಲೇ, ಕರುಳಿನ ಸಿಡಿ4 ಎಂಬ ರೋಗನಿರೋಧಕ ಕೋಶಗಳು ಭಾರಿ ಪ್ರಮಾಣದಲ್ಲಿ ನಾಶವಾಗಿದ್ದವು.

ಇದು ಏಕೆ ಹೀಗೆಂದು ತಿಳಿಯಲು ಕರುಳಿನ ಗೋಡೆಯನ್ನು ಹತ್ತಿರದಿಂದ ನೋಡಬೇಕು. ಸಣ್ಣ ಕರುಳಿನ ಒಳಮೈ ತುಂಬ ವಿಲ್ಲೈ ಎಂಬ ಬೆರಳಿನಾಕಾರದ ಸೂಕ್ಷ್ಮ ಮುಂಚಾಚಿಕೆಗಳಿವೆ. ಅವುಗಳ ಹೊರಹೊದಿಕೆ ಒಂದೇ ಒಂದು ಪದರ ಕೋಶ. ಆ ಕೋಶಗಳು ಕೆಲವೇ ದಿನಗಳಿಗೊಮ್ಮೆ ಉದುರಿ, ಬುಡದ ಗುಳಿಗಳಿಂದ ಹೊಸವು ಮೇಲೇರಿ ಬರುತ್ತವೆ. ಆಚೆ ಅನ್ನ, ಬ್ಯಾಕ್ಟೀರಿಯಾ, ವಿಷ, ಈಚೆ ರಕ್ತ. ನಡುವೆ ಕಾವಲಿಗೆಂದು ದೇಹ ತನ್ನ ಲಿಂಫೋಸೈಟ್‌ಗಳ ದೊಡ್ಡ ಪಾಲನ್ನು ಇಲ್ಲಿಯೇ ನಿಲ್ಲಿಸಿದೆ. ಎಸ್‌ಐವಿ ಮೊದಲು ಹೊಡೆಯುವುದು ಈ ಕಾವಲಿಗೆ. ವಿಲ್ಲೈ ಮೊಟಕಾಗುತ್ತವೆ, ಪೊರೆ ಸೋರುತ್ತದೆ, ಬ್ಯಾಕ್ಟೀರಿಯಾದ ತುಣುಕುಗಳು ರಕ್ತ ಸೇರಿ ಮೈಯೆಲ್ಲ ಉರಿಯೂತ ಉಳಿಯುವಂತೆ ಮಾಡುತ್ತವೆ. ಈ ಸೋರಿಕೆಯನ್ನು 2006ರಲ್ಲಿ ಎಚ್‌ಐವಿ ಸೋಂಕಿತ ಮನುಷ್ಯರಲ್ಲೂ ತೋರಿಸಲಾಯಿತು. 2012ರಲ್ಲಿ ಹ್ಯಾಂಡ್ಲಿ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಎಸ್‌ಐವಿಯಿಂದ ಕಾಯಿಲೆ ಬೀಳುವ ರೀಸಸ್ ಮಂಗಗಳ ಕರುಳಿನಲ್ಲಿ ಅಡಿನೋವೈರಸ್ ಮುಂತಾದ ಬೇರೆ ವೈರಸ್‌ಗಳ ದಂಡೇ ಹೆಚ್ಚಿತ್ತು. ಸೋಂಕಿದ್ದರೂ ಕಾಯಿಲೆ ಬೀಳದ ಆಫ್ರಿಕದ ಹಸಿರು ಮಂಗಗಳಲ್ಲಿ ಹಾಗಿರಲಿಲ್ಲ.

ಎಸ್‌ಐವಿ ವರ್ಷಗಟ್ಟಲೆ ಎಳೆಯುವ ಕಾಯಿಲೆ, ಮಂಗನ ಕಾಯಿಲೆ ವಾರಗಳಲ್ಲಿ ಮುಗಿಯುವಂಥದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಆದರೆ ವಿಧಾನದ ಪಾಠ ಒಂದೇ. ರಕ್ತವನ್ನಷ್ಟೇ ನೋಡುತ್ತಿದ್ದರೆ ಕರುಳಿನಲ್ಲಿ ನಡೆಯುವುದು ಕಣ್ತಪ್ಪುತ್ತದೆ.

ಎಲ್ಲ ಮಂಗಗಳೂ ಒಂದೇ ಅಲ್ಲ

ಮೊಂಟಾನಾದವರು ಹಂದಿಬಾಲದ ಮಂಗವನ್ನೇ ಆರಿಸಿದ್ದಕ್ಕೂ ಏಡ್ಸ್ ಸಂಶೋಧನೆಗೂ ನಂಟಿದೆ. ರೀಸಸ್ ಮಂಗದ ಕೋಶಗಳಲ್ಲಿ ಟ್ರಿಮ್5ಆಲ್ಫಾ ಎಂಬ ಪ್ರೋಟೀನ್ ಎಚ್‌ಐವಿಯನ್ನು ತಡೆಯುತ್ತದೆ ಎಂದು 2004ರಲ್ಲಿ ತಿಳಿಯಿತು. ಅದೇ ಪ್ರೋಟೀನ್ ಉಣ್ಣೆಯಿಂದ ಹರಡುವ ಕೆಲವು ವೈರಸ್‌ಗಳನ್ನೂ, ಅದರಲ್ಲಿ ಕ್ಯಾಸನೂರು ವೈರಸ್ಸನ್ನೂ ತಡೆಯುತ್ತದೆ ಎಂಬುದು 2019ರಲ್ಲಿ ಗೊತ್ತಾಯಿತು. ಹಂದಿಬಾಲದ ಮಂಗದಲ್ಲಿ ಈ ತಡೆ ಕೆಲಸ ಮಾಡುವುದಿಲ್ಲ. ಒಂದೇ ಕಾಡಿನ ಮುಸುವ ಮತ್ತು ಕೋತಿಗಳಲ್ಲಿ ಕಾಯಿಲೆಯ ತೀವ್ರತೆ ಬೇರೆ ಬೇರೆ ಏಕೆ ಎಂಬ ಹಳೆಯ ಪ್ರಶ್ನೆಯನ್ನು ಹೊಸದಾಗಿ ಕೇಳಲು ಇದು ದಾರಿ ತೆರೆದಿದೆ.

ಕರುಳಿನ ಕಾಯಿಲೆ ಓದುವವರಿಗೆ ಇನ್ನೂ ಒಂದು ತೊಡಕಿದೆ. ಬೋನಿನಲ್ಲಿ ಸಾಕಿದ ಮಂಗಗಳಿಗೆ ಯಾವ ವೈರಸ್ ಕೊಡದಿದ್ದರೂ ಭೇದಿ ಕಾಡುತ್ತದೆ. ಕ್ಯಾಂಪಿಲೋಬ್ಯಾಕ್ಟರ್, ಶಿಗೆಲ್ಲಾದಂಥ ಬ್ಯಾಕ್ಟೀರಿಯಾ, ಪರಾವಲಂಬಿ ಹುಳುಗಳು, ಬದಲಾದ ಆಹಾರ, ಗುಂಪಿನಿಂದ ಬೇರ್ಪಟ್ಟ ಒತ್ತಡ, ಎಲ್ಲವೂ ಕರುಳನ್ನು ಕೆಡಿಸುತ್ತವೆ. ಪ್ರಯೋಗಕ್ಕೆ ಮೊದಲೇ ಮಂಗದ ಮಲ ಪರೀಕ್ಷೆ ಆಗಿರಬೇಕು, ಸೋಂಕಿಲ್ಲದ ಜೊತೆ ಮಂಗಗಳನ್ನೂ ಹೋಲಿಸಿ ನೋಡಬೇಕು. ಇವೆರಡೂ ಇಲ್ಲದ ಅಧ್ಯಯನದಲ್ಲಿ ಕಂಡ ಭೇದಿಯನ್ನು ವೈರಸ್ಸಿನ ಖಾತೆಗೆ ಬರೆಯುವುದು ಅವಸರದ ಮಾತು.

ಲಸಿಕೆ ಮತ್ತು ಮಂಗಗಳ ಋಣ

ಕೋಳಿ ಭ್ರೂಣದ ಕೋಶಗಳಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿ ಮಾಡಿದ ಲಸಿಕೆಯನ್ನು ಕರ್ನಾಟಕ ದಶಕಗಳ ಕಾಲ ಬಳಸಿತು. 2005ರಿಂದ 2010ರ ಅವಧಿಯ ಮಾಹಿತಿ ಇಟ್ಟುಕೊಂಡು 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಎರಡು ಡೋಸ್ ಪಡೆದವರಲ್ಲಿ ಅದರ ಪರಿಣಾಮ ಶೇ 62.4, ಬೂಸ್ಟರ್ ಪಡೆದವರಲ್ಲಿ ಶೇ 82.9 ಇತ್ತು. 2022ರಲ್ಲಿ ಆ ಲಸಿಕೆ ನಿಂತಿತು. ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಜೊತೆಗೂಡಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೊಸ ಲಸಿಕೆಯ ಕೆಲಸ ಕೈಗೆತ್ತಿಕೊಂಡಿದೆ. 2023ರಲ್ಲಿ ಮೊಂಟಾನಾದ ತಂಡ ಒಂದೇ ಡೋಸಿನ ಬೇರೊಂದು ಮಾದರಿಯ ಲಸಿಕೆ ಹಂದಿಬಾಲದ ಮಂಗಗಳನ್ನು ಕಾಪಾಡಿತೆಂದು ವರದಿ ಮಾಡಿತು. ಕಾಯಿಲೆಯನ್ನು ಮನುಷ್ಯನಂತೆಯೇ ಅನುಭವಿಸುವ ಪ್ರಾಣಿ ಸಿಕ್ಕಿದ್ದರಿಂದ ಇಂಥ ಪರೀಕ್ಷೆ ಸಾಧ್ಯವಾಯಿತು. ಲಸಿಕೆ ರಕ್ತದ ವೈರಸ್ಸನ್ನು ತಗ್ಗಿಸಿತೇ ಎಂದು ಕೇಳುವಷ್ಟೇ ಗಟ್ಟಿಯಾಗಿ, ಕರುಳನ್ನೂ ಕಾಪಾಡಿತೇ ಎಂದು ಇಂಥ ಪ್ರತಿ ಪರೀಕ್ಷೆಯಲ್ಲೂ ಕೇಳಬೇಕು.

ಈ ತಿಳಿವಳಿಕೆಗೆ ಬೆಲೆ ತೆತ್ತದ್ದು ಮಂಗಗಳು. ಮಾತು ಬಾರದ, ಆದರೆ ನೋವು ಪೂರ್ತಿ ಗೊತ್ತಿರುವ ಜೀವಗಳು. ಭಾರತದಿಂದ ರೀಸಸ್ ಮಂಗಗಳ ರಫ್ತು ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿತ್ತು. 1978ರಲ್ಲಿ ಮೊರಾರ್ಜಿ ದೇಸಾಯಿ ಸರಕಾರ ಅದನ್ನು ನಿಲ್ಲಿಸಿತು. ಪ್ರಾಣಿಹಿಂಸೆ ತಡೆ ಕಾಯ್ದೆ 1960ರದು. ಅದರಡಿ ಪ್ರಯೋಗಗಳ ಮೇಲ್ವಿಚಾರಣೆಗೆ ಸಮಿತಿಯೂ ಇದೆ. ಬದಲಿ ವಿಧಾನ ಹುಡುಕಿ, ಸಂಖ್ಯೆ ಕಡಿಮೆ ಮಾಡಿ, ನೋವು ತಗ್ಗಿಸಿ ಎಂಬ ಮೂರು ಸೂತ್ರಗಳನ್ನು ರಸೆಲ್ ಮತ್ತು ಬರ್ಚ್ 1959ರಲ್ಲಿ ಹೇಳಿದರು. ನನ್ನ ದೃಷ್ಟಿಯಲ್ಲಿ ಇವಕ್ಕೆ ನಾಲ್ಕನೆಯದೂ ಸೇರಬೇಕು: ಮಂಗ ಪ್ರಾಣ ಕೊಟ್ಟು ತಿಳಿಸಿದ್ದು ಆ ಮಂಗವಿದ್ದ ಕಾಡಿನ ಜನಕ್ಕೆ ತಲುಪಬೇಕು. ತಲುಪದಿದ್ದರೆ ಅದೇ ಪ್ರಯೋಗವನ್ನು ಮತ್ತೆ ಮಾಡಬೇಕಾಗುತ್ತದೆ, ಮತ್ತಷ್ಟು ಮಂಗಗಳು ಸಾಯುತ್ತವೆ.

ಅವಳಿ ನಗರದ ಪಾಲು

ಕಾಯಿಲೆ ಈಗ ಶಿವಮೊಗ್ಗಕ್ಕೆ ಸೀಮಿತವಲ್ಲ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ಕಡೆ ದೊಡ್ಡದಾಗಿ ಕಾಣಿಸಿತು. 2012ರಿಂದ ಬಂಡೀಪುರ, ನೀಲಗಿರಿ, ವಯನಾಡು. 2015ರಲ್ಲಿ ಗೋವೆಯ ಸತ್ತರಿ. 2016ರಲ್ಲಿ ಮಹಾರಾಷ್ಟ್ರದ ದೋಡಾಮಾರ್ಗ. 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡು ತತ್ತರಿಸಿತು. 2024ರ ಆರಂಭದಲ್ಲಿ ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕು ಹೆಚ್ಚು ಪೆಟ್ಟು ತಿಂದಿತು. ಭೂಪಟದ ಮೇಲೆ ಈ ಊರುಗಳನ್ನು ಗುರುತಿಸಿದರೆ ಹುಬ್ಬಳ್ಳಿ-ಧಾರವಾಡದ ಪಶ್ಚಿಮಕ್ಕೆ, ದಕ್ಷಿಣಕ್ಕೆ ಅರ್ಧವೃತ್ತವೇ ಮೂಡುತ್ತದೆ.

ಉಣ್ಣೆ ಕಚ್ಚಿ ಮೂರರಿಂದ ಎಂಟು ದಿನಕ್ಕೆ ಜ್ವರ ಬರುತ್ತದೆ. ಅಷ್ಟರೊಳಗೆ ಮನುಷ್ಯ ಎಲ್ಲಿಗೂ ಹೋಗಿರಬಹುದು. ದಾಂಡೇಲಿಗೆ ಪ್ರವಾಸ ಹೋಗಿ ಬಂದವರು, ಶಿರಸಿ ಜಾತ್ರೆಗೆ ಹೋಗಿ ನೆಂಟರ ತೋಟದಲ್ಲಿ ಉಳಿದು ಬಂದವರು, ಊರಿಗೆ ಹೋಗಿ ಧಾರವಾಡದ ಹಾಸ್ಟೆಲಿಗೆ ಮರಳಿದ ಮಲೆನಾಡಿನ ವಿದ್ಯಾರ್ಥಿಗಳು, ಯಾರೂ ಆಗಬಹುದು. ಅಂಥವರು ಜ್ವರ, ಮೈಕೈ ನೋವು, ವಾಂತಿ, ಭೇದಿ ಎಂದು ಬಂದರೆ ಡೆಂಗಿ ಅಥವಾ ಟೈಫಾಯ್ಡ್ ಎಂದು ಭಾವಿಸುವುದು ಸುಲಭ. ಭೇದಿ ಮುಂದಾಗಿ ಕಂಡರಂತೂ ಹೊಟ್ಟೆ ಕೆಟ್ಟಿದೆ ಎಂದು ಮಾತ್ರೆ ಕೊಟ್ಟು ಕಳಿಸುವ ಸಂಭವವೇ ಹೆಚ್ಚು. ಮಂಗಗಳ ಮೇಲಿನ ಅಧ್ಯಯನ ನಮಗೆ ಇಲ್ಲಿ ಉಪಯೋಗಕ್ಕೆ ಬರಬೇಕು. ನವೆಂಬರಿನಿಂದ ಮೇ ತನಕ ಜ್ವರದ ಜೊತೆ ಭೇದಿ ಎಂದು ಬಂದವರನ್ನು ಎರಡು ಪ್ರಶ್ನೆ ಕೇಳಬೇಕು: ಕಾಡಿಗೆ ಅಥವಾ ತೋಟಕ್ಕೆ ಹೋಗಿದ್ದಿರಾ? ಮಲದಲ್ಲಿ ರಕ್ತ ಅಥವಾ ಕಪ್ಪು ಬಣ್ಣ ಕಂಡಿತೇ? ಅನುಮಾನ ಬಂದರೆ ಜ್ವರದ ಮೊದಲ ದಿನಗಳಲ್ಲೇ ರಕ್ತದ ಮಾದರಿ ಆರ್‌ಟಿ-ಪಿಸಿಆರ್ ಪರೀಕ್ಷೆಗೆ ಹೋಗಬೇಕು. ಈ ಕಾಯಿಲೆಗೆ ನೇರ ಔಷಧ ಇಲ್ಲ. ನೀರಿನಂಶ ಕಾಪಾಡುವುದು, ಪ್ಲೇಟ್‌ಲೆಟ್ ಮತ್ತು ರಕ್ತಸ್ರಾವದ ಮೇಲೆ ನಿಗಾ ಇಡುವುದು, ಆಸ್ಪಿರಿನ್‌ನಂಥ ರಕ್ತ ತೆಳುಗೊಳಿಸುವ ಮಾತ್ರೆ ಕೊಡದಿರುವುದು, ಇವೇ ಜೀವ ಉಳಿಸುತ್ತವೆ. ಜ್ವರ ಬಿಟ್ಟ ಮೇಲೆ ಒಂದೆರಡು ವಾರ ಕಳೆದು ಕೆಲವರಿಗೆ ಎರಡನೆಯ ಸುತ್ತಿನ ಜ್ವರ, ತಲೆನೋವು, ಮಂಪರು ಬರುತ್ತದೆಂಬುದನ್ನೂ ಮನೆಯವರಿಗೆ ತಿಳಿಸಿ ಕಳಿಸಬೇಕು.

ಸಂಶೋಧನೆಗೂ ಇಲ್ಲಿ ನೆಲೆ ಇದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಅರಣ್ಯ ಮಹಾವಿದ್ಯಾಲಯ ಶಿರಸಿಯಲ್ಲಿದೆ, ಕಾಯಿಲೆಯ ನಟ್ಟನಡುವೆ. ಹುಬ್ಬಳ್ಳಿಯ ವೈದ್ಯರ ಹತ್ತಿರ ರೋಗಿಗಳಿದ್ದಾರೆ, ಶಿವಮೊಗ್ಗದ ವೈರಸ್ ಪತ್ತೆ ಪ್ರಯೋಗಾಲಯದ ಬಳಿ ದಶಕಗಳ ಅನುಭವವಿದೆ. ಗುಣವಾದ ರೋಗಿಗಳ ಮಲದ ಪರೀಕ್ಷೆ, ಅವರ ಹೊಟ್ಟೆಯ ತೊಂದರೆ ಎಷ್ಟು ದಿನ ಉಳಿಯಿತು ಎಂಬ ದಾಖಲೆ, ಇವಕ್ಕೆ ಒಂದು ಮಂಗವನ್ನೂ ಬೋನಿಗೆ ಹಾಕಬೇಕಿಲ್ಲ, ದೊಡ್ಡ ದುಡ್ಡೂ ಬೇಡ. ಮಂಗಗಳಲ್ಲಿ ಕಂಡದ್ದು ಮನುಷ್ಯರಲ್ಲೂ ಎಷ್ಟರ ಮಟ್ಟಿಗೆ ನಿಜ ಎಂಬ ಪ್ರಶ್ನೆಗೆ ಹತ್ತಿರದ ಉತ್ತರ ಸಿಗುವುದು ಈ ದಾರಿಯಲ್ಲೇ. ಕ್ಯಾಸನೂರಿನ ವೈರಸ್ಸಿನಿಂದ ಕರುಳಿಗೆ ಬೀಳುವ ಪೆಟ್ಟಿನ ಬಗ್ಗೆ ಮುಂದಿನ ಮುಖ್ಯ ಪ್ರಬಂಧ ಮೊಂಟಾನಾದಿಂದ ಬರುವ ಬದಲು ಹುಬ್ಬಳ್ಳಿಯಿಂದಲೇ ಬರಬಹುದು. ಅದಕ್ಕೆ ಬೇಕಾದ ರೋಗಿಗಳೂ ವೈದ್ಯರೂ ಕಾಡೂ ನಮ್ಮಲ್ಲಿಯೇ ಇವೆ. ಈ ಸಲದ ನವೆಂಬರಿಗೇ ಆ ಕೆಲಸ ಶುರುವಾಗಲಿ.